ಕಚೇರಿಯ ಕ್ಯಾಲೆಂಡರ್ ಎಲ್ಲಿದೆ?

ಸಣ್ಣ ಸಂಸ್ಥೆಯವರು ತಮ್ಮ ಇಮೇಲ್ ವ್ಯವಸ್ಥೆಯನ್ನು ಓಪನ್ ಸೋರ್ಸ್‌ಗೆ, ಅಂದರೆ ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ತಂತ್ರಾಂಶಕ್ಕೆ, ಬದಲಾಯಿಸುವ ವಿಚಾರವಾಗಿ ಕರೆದಾಗ ನಾನು ಮೊದಲು ಕೇಳುವುದು ಒಂದು ಕುರ್ಚಿ. ಕಚೇರಿಯ ದಿನಚರಿಯನ್ನೆಲ್ಲ ನಿಭಾಯಿಸುವ ಒಬ್ಬರ ಪಕ್ಕದಲ್ಲಿ ಅರ್ಧ ದಿನ ಸುಮ್ಮನೆ ಕುಳಿತು, ಅವರು ಮೈಕ್ರೋಸಾಫ್ಟ್‌ನ ಇಮೇಲ್ ತಂತ್ರಾಂಶವಾದ ಔಟ್‌ಲುಕ್‌ನಲ್ಲಿ ಏನೇನು ಮಾಡುತ್ತಾರೆಂದು ಬರೆದುಕೊಳ್ಳುತ್ತೇನೆ. 22 ಜನರ ಒಂದು ಕಚೇರಿಯಲ್ಲಿ ಹೀಗೆ ಕುಳಿತಾಗ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಕೆ ಬೆಳಿಗ್ಗೆ ಬಂದವರೇ ಇನ್‌ಬಾಕ್ಸಿನ ಕಡೆ ನೋಡದೆ ಕ್ಯಾಲೆಂಡರ್ ತೆರೆದರು. ಎಡಗಡೆಯ ಪಟ್ಟಿಯಲ್ಲಿ ನಾಲ್ವರ ಹೆಸರಿಗೆ ಗುರುತು ಹಾಕಿದ ಕೂಡಲೇ ನಾಲ್ವರ ದಿನಗಳೂ ನಾಲ್ಕು ಬಣ್ಣಗಳಲ್ಲಿ ಒಂದರ ಮೇಲೊಂದು ಬಂದು ಕೂತವು. ಆ ಬಣ್ಣಗಳ ನಡುವೆ ಎಲ್ಲರಿಗೂ ಬಿಡುವಿರುವ ಮುಕ್ಕಾಲು ಗಂಟೆಯ ಬಿಳಿ ಜಾಗವೊಂದನ್ನು ಹುಡುಕಿ, ಸಭೆಯ ಕೋಣೆಯೂ ಆ ಹೊತ್ತಿಗೆ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಮುಖ್ಯಸ್ಥರ ಹೆಸರಿನಲ್ಲೇ ಆಹ್ವಾನ ಕಳಿಸಿದರು. ಎಲ್ಲ ಸೇರಿ ಒಂದು ನಿಮಿಷ ಹಿಡಿದಿರಬಹುದು. ಮಧ್ಯಾಹ್ನದ ಹೊತ್ತಿಗೆ ನನ್ನ ಪಟ್ಟಿಯಲ್ಲಿ 31 ಕೆಲಸಗಳಿದ್ದವು. ಅವುಗಳಲ್ಲಿ ಪತ್ರ ಓದಿ ಉತ್ತರ ಬರೆದದ್ದು 11 ಸಲ ಮಾತ್ರ. ಉಳಿದದ್ದೆಲ್ಲ ಕ್ಯಾಲೆಂಡರ್, ವಿಳಾಸ ಪುಸ್ತಕ, ಮಾಡಬೇಕಾದ ಕೆಲಸಗಳ ಪಟ್ಟಿ ಮತ್ತು ಇನ್ನೊಬ್ಬರ ಪರವಾಗಿ ಮಾಡುವ ವ್ಯವಹಾರ.

ಆ ಕಚೇರಿಯವರು ನನಗೆ ಕೇಳಿದ್ದ ಪ್ರಶ್ನೆ, ಕಚೇರಿಯ ಪತ್ರ, ಕ್ಯಾಲೆಂಡರ್‌ಗಳನ್ನೆಲ್ಲ ಇಟ್ಟುಕೊಂಡು ಔಟ್‌ಲುಕ್‌ಗೆ ಒದಗಿಸುವ ಎಕ್ಸ್‌ಚೇಂಜ್ ಸರ್ವರ್‌ಗೆ ಬದಲಿ ಯಾವುದು ಎಂಬುದು. ಎಲ್ಲರೂ ಹೀಗೆಯೇ ಕೇಳುತ್ತಾರೆ. ಹಳೆಯ ಸರ್ವರ್‌ನ ಆಯುಸ್ಸು ಮುಗಿಯುತ್ತ ಬಂದಿರುತ್ತದೆ; ಎಕ್ಸ್‌ಚೇಂಜ್ 2016 ಮತ್ತು 2019, ಎರಡಕ್ಕೂ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಆಗ ತಿಂಗಳ ಬಾಡಿಗೆಯ ಕ್ಲೌಡ್ ಸೇವೆಗೆ ಹೋಗುವುದೋ, ಚಂದಾ ಮಾದರಿಯ ಹೊಸ ಆವೃತ್ತಿ ಕೊಳ್ಳುವುದೋ, ಓಪನ್ ಸೋರ್ಸ್ ಕಡೆ ಹೊರಳುವುದೋ ಎಂಬ ಚರ್ಚೆ ಶುರುವಾಗುತ್ತದೆ. ಚರ್ಚೆಯೆಲ್ಲ ಸರ್ವರ್‌ನ ಸುತ್ತಲೇ ನಡೆಯುತ್ತದೆ. ಆದರೆ ಆ ಕಚೇರಿಯ 22 ಜನರಲ್ಲಿ ಒಬ್ಬರೂ ಸರ್ವರ್ ಕಂಡವರಲ್ಲ. ಅವರು ಕಂಡಿರುವುದು, ಹತ್ತು ಹದಿನೈದು ವರ್ಷಗಳಿಂದ ದಿನವೂ ಕೈಯಾಡಿಸಿರುವುದು ಔಟ್‌ಲುಕ್ ಎಂಬ ಒಂದು ಕಿಟಕಿಯಲ್ಲಿ. ಆ ಕಿಟಕಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಮೊದಲು ತೀರ್ಮಾನವಾಗದೆ ಸರ್ವರ್ ಆರಿಸಲು ಹೊರಟರೆ ಆಯ್ಕೆ ದಾರಿ ತಪ್ಪುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ.

ನಾನು ಮೊದಲ ಬಾರಿಗೆ ಇಂಥ ಬದಲಾವಣೆ ಮಾಡಿಸಿದಾಗ ಪತ್ರ ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಬಂದ ಪತ್ರಗಳನ್ನು ಇಟ್ಟು ಓದಲು ಕೊಡುವ ಡವ್‌ಕಾಟ್ ಸೇರಿಸಿ ಒಂದು ಸೊಗಸಾದ ಮೇಲ್ ಸರ್ವರ್ ಕಟ್ಟಿದ್ದೆ. ಎಲ್ಲರ ಔಟ್‌ಲುಕ್‌ನಲ್ಲಿಯೂ ಸರ್ವರ್‌ನಲ್ಲಿರುವ ಪತ್ರಗಳನ್ನು ಓದಿಸುವ ಐಮ್ಯಾಪ್ ಖಾತೆ ಹೊಂದಿಸಿ, ಹಳೆಯ ಪತ್ರಗಳನ್ನೆಲ್ಲ ಸಾಗಿಸಿ, ಕೆಲಸ ಮುಗಿಯಿತೆಂದು ತಿಳಿದೆ. ಪತ್ರಗಳು ಬಂದವು, ಹೋದವು, ಒಂದು ದೂರೂ ಬರಲಿಲ್ಲ. ಆರು ತಿಂಗಳ ನಂತರ ಒಬ್ಬರ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್ ಕೆಟ್ಟಿತು. ಹೊಸ ಡಿಸ್ಕ್ ಹಾಕಿ ಐಮ್ಯಾಪ್ ಖಾತೆಯನ್ನು ಮತ್ತೆ ಸೇರಿಸಿದಾಗ ಪತ್ರಗಳೆಲ್ಲ ಒಂದೂ ಬಿಡದೆ ಇಳಿದು ಬಂದವು. ಕ್ಯಾಲೆಂಡರ್ ಮಾತ್ರ ಖಾಲಿಯಾಗಿತ್ತು. ಆರು ತಿಂಗಳಲ್ಲಿ ಆತ ಬರೆದಿಟ್ಟಿದ್ದ ಪ್ರತಿಯೊಂದು ಭೇಟಿ, ಗ್ರಾಹಕರಿಗೆ ಕೊಟ್ಟ ಪ್ರತಿಯೊಂದು ದಿನಾಂಕ, ಹೊಸದಾಗಿ ಸೇರಿಸಿದ್ದ ದೂರವಾಣಿ ಸಂಖ್ಯೆಗಳು, ಎಲ್ಲವೂ ಆ ಡಿಸ್ಕಿನೊಂದಿಗೆ ಹೋಗಿದ್ದವು. ಔಟ್‌ಲುಕ್‌ನಲ್ಲಿ ಐಮ್ಯಾಪ್ ಖಾತೆ ಹಾಕಿದಾಗ ಅದರ ಕ್ಯಾಲೆಂಡರ್ ಮತ್ತು ವಿಳಾಸಗಳ ಫೋಲ್ಡರ್ ಹೆಸರಿನ ಮುಂದೆ ‘ಈ ಕಂಪ್ಯೂಟರ್‌ನಲ್ಲಿ ಮಾತ್ರ’ ಎಂದು ಚಿಕ್ಕ ಅಕ್ಷರಗಳಲ್ಲಿ ಬರೆದಿರುತ್ತದೆ. ಆ ಮೂರು ಪದಗಳನ್ನು ನಾನು 20 ಕಂಪ್ಯೂಟರ್‌ಗಳಲ್ಲಿ ಕಂಡಿದ್ದೆ, ಒಂದರಲ್ಲಿಯೂ ಓದಿರಲಿಲ್ಲ. ಆತ ಖಾಲಿ ಪರದೆಯನ್ನು ನೋಡುತ್ತ ಕುಳಿತಿದ್ದ ರೀತಿ ನನಗೆ ಬಹಳ ದಿನ ನಿದ್ದೆ ಕೆಡಿಸಿತು. ಪತ್ರದ ಜೊತೆಗೆ ಕ್ಯಾಲೆಂಡರ್, ವಿಳಾಸಗಳನ್ನೂ ಎಲ್ಲರೂ ಹಂಚಿಕೊಳ್ಳುವ ತಂತ್ರಾಂಶಕ್ಕೆ ಹೇಳುವ ಗ್ರೂಪ್‌ವೇರ್ ಎಂಬ ಪದದ ಅರ್ಥ ನನಗಾದದ್ದು ಅಂದು.

ಐಮ್ಯಾಪ್‌ನ ತಪ್ಪು ಇದರಲ್ಲಿ ಏನೂ ಇಲ್ಲ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಅದನ್ನು ರೂಪಿಸಿದ್ದು ಸರ್ವರ್‌ನಲ್ಲಿರುವ ಪತ್ರಗಳನ್ನು ದೂರದಿಂದ ಓದುವುದಕ್ಕಾಗಿ, ಮತ್ತು ಆ ಒಂದು ಕೆಲಸವನ್ನು ಅದು ಇಂದಿಗೂ ನಿಷ್ಠೆಯಿಂದ ಮಾಡುತ್ತದೆ. ಕ್ಯಾಲೆಂಡರ್ ಅದರ ಹೊಣೆಯಲ್ಲ. ಔಟ್‌ಲುಕ್ ಹುಟ್ಟಿದ್ದೇ ಬೇರೆ ಉದ್ದೇಶಕ್ಕೆ. 1996ರಲ್ಲಿ ಎಕ್ಸ್‌ಚೇಂಜ್‌ನ ಮೊದಲ ಆವೃತ್ತಿ 4.0 ಎಂಬ ಸಂಖ್ಯೆಯೊಂದಿಗೆ ಬಂತು. ಮರುವರ್ಷ ಔಟ್‌ಲುಕ್ 97 ಬಂದು, ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಪತ್ರ ಓದುವ ತಂತ್ರಾಂಶವನ್ನೂ ಷೆಡ್ಯೂಲ್ ಪ್ಲಸ್ ಎಂಬ ದಿನಚರಿ ತಂತ್ರಾಂಶವನ್ನೂ ಒಂದೇ ಕಿಟಕಿಯೊಳಗೆ ತಂದಿತು. ಎಕ್ಸ್‌ಚೇಂಜ್ ಮತ್ತು ಔಟ್‌ಲುಕ್‌ನ ನಡುವಿನ ಮಾತುಕತೆ ನಡೆಯುವುದು ಮ್ಯಾಪಿ ಎಂಬ ಅವುಗಳದ್ದೇ ಭಾಷೆಯಲ್ಲಿ. ಆ ಭಾಷೆಯಲ್ಲಿ ಪತ್ರ, ಭೇಟಿ, ವಿಳಾಸ, ಕೆಲಸ, ಟಿಪ್ಪಣಿ ಎಲ್ಲವೂ ಒಂದೇ ಬಗೆಯ ವಸ್ತುಗಳು. ಎಲ್ಲವೂ ಫೋಲ್ಡರ್‌ಗಳಲ್ಲಿರುತ್ತವೆ, ಪ್ರತಿ ಫೋಲ್ಡರ್‌ಗೂ ಯಾರು ನೋಡಬಹುದು, ಯಾರು ತಿದ್ದಬಹುದು ಎಂಬ ಅನುಮತಿಗಳಿರುತ್ತವೆ. ಆಕೆ ಒಂದು ನಿಮಿಷದಲ್ಲಿ ಮುಗಿಸಿದ ಕೆಲಸದ ಹಿಂದೆ ಇದ್ದದ್ದು ಈ ವಿನ್ಯಾಸ. ಅದು ಒಳ್ಳೆಯ ವಿನ್ಯಾಸವೆಂದು ಒಪ್ಪಿಕೊಳ್ಳದೆ ಅದಕ್ಕೆ ಬದಲಿ ಹುಡುಕುವವರು ಪ್ರಾಮಾಣಿಕವಾಗಿ ಹುಡುಕುತ್ತಿಲ್ಲವೆಂದೇ ನನ್ನ ಭಾವನೆ. ತೊಂದರೆಯಿರುವುದು ಆ ಭಾಷೆ ಬಹುಕಾಲ ಒಂದು ಕಂಪನಿಯ ಗುಟ್ಟಾಗಿಯೇ ಉಳಿದುದರಲ್ಲಿ. ಯುರೋಪಿನಲ್ಲಿ ವರ್ಷಗಟ್ಟಲೆ ನಡೆದ ಸ್ಪರ್ಧಾ ಕಾನೂನಿನ ವ್ಯಾಜ್ಯದಲ್ಲಿ ಸೋತ ಮೇಲೆ, 2008ರಲ್ಲಿ, ಮೈಕ್ರೋಸಾಫ್ಟ್ ಈ ಪ್ರೋಟೋಕಾಲ್‌ಗಳ, ಅಂದರೆ ಮಾತುಕತೆಯ ನಿಯಮಗಳ, ವಿವರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿತು. ಔಟ್‌ಲುಕ್ ಹಳೆಯ ಪತ್ರಗಳನ್ನು ಕಂಪ್ಯೂಟರ್‌ನಲ್ಲಿ ಕೂಡಿಡುವ ಪಿಎಸ್‌ಟಿ ಕಡತದ ಒಳರಚನೆಯ ವಿವರ ಹೊರಬರಲು 2010ರವರೆಗೆ ಕಾಯಬೇಕಾಯಿತು.

ಓಪನ್ ಸೋರ್ಸ್ ಬಳಗ ಈ ಗೋಡೆಯನ್ನು ಎರಡು ರೀತಿಯಲ್ಲಿ ದಾಟಲು ಯತ್ನಿಸಿತು. ಒಂದು, ಔಟ್‌ಲುಕ್‌ಗೆ ತಾನು ಎಕ್ಸ್‌ಚೇಂಜ್‌ನೊಂದಿಗೇ ಮಾತಾಡುತ್ತಿದ್ದೇನೆ ಎನಿಸುವಂತೆ ಮ್ಯಾಪಿಯನ್ನೇ ಕಲಿತು ಮಾತಾಡುವುದು. ಇನ್ನೊಂದು, ಎಲ್ಲರಿಗೂ ತೆರೆದಿರುವ ಮಾನಕಗಳ ಮೇಲೆ ವ್ಯವಸ್ಥೆಯನ್ನು ಕಟ್ಟಿ, ಔಟ್‌ಲುಕ್‌ ಬೇಕೆನ್ನುವವರಿಗೆ ನಡುವೆ ಒಂದು ಸೇತುವೆ ಹಾಕಿಕೊಡುವುದು.

ಮೊದಲ ದಾರಿಯ ಕಥೆಯನ್ನು ಓದಿದರೆ ಅದರಲ್ಲಿ ದುಡಿದವರ ಬಗ್ಗೆ ಗೌರವ ಮೂಡದೆ ಇರದು. ನೆದರ್ಲೆಂಡ್ಸ್‌ನ ಜರಾಫಾ ಮ್ಯಾಪಿ ಮಾದರಿಯಲ್ಲೇ ಕಟ್ಟಿದ ಸರ್ವರ್. 2008ರಲ್ಲಿ ಅದರ ಮೂಲ ಸಂಕೇತವನ್ನು ಎಜಿಪಿಎಲ್ ಎಂಬ ಓಪನ್ ಸೋರ್ಸ್ ಪರವಾನಗಿಯಡಿ ತೆರೆದರು, ಮುಂದೆ ಅದು ಕೊಪಾನೊ ಎಂಬ ಹೆಸರಿನಲ್ಲಿ ಬೆಳೆಯಿತು. ಆದರೆ ಔಟ್‌ಲುಕ್ ಅನ್ನು ಅದಕ್ಕೆ ಜೋಡಿಸುವ ಕನೆಕ್ಟರ್ ಎಂಬ ತುಣುಕಿನ ಪೂರ್ಣ ಬಳಕೆಗೆ ಹಣ ಕೊಡಬೇಕಿತ್ತು. ಓಪನ್‌ಚೇಂಜ್ ಎಂಬ ಯೋಜನೆ, ವಿಂಡೋಸ್ ಸರ್ವರ್‌ನ ಕೆಲಸ ಮಾಡುವ ಓಪನ್ ಸೋರ್ಸ್ ತಂತ್ರಾಂಶವಾದ ಸಾಂಬಾ 4ರ ಜೊತೆಗೂಡಿ, ಯಾವ ಕನೆಕ್ಟರ್ ಕೂಡ ಇಲ್ಲದೆ ಔಟ್‌ಲುಕ್ ನೇರವಾಗಿ ಬಂದು ಸೇರುವಂತೆ ಮಾಡಲು ಹೊರಟಿತು. ಕೆನಡಾದ ಇನ್‌ವರ್ಸ್ ಸಂಸ್ಥೆಯವರ ಸೋಗೋ ಎಂಬ ಗ್ರೂಪ್‌ವೇರ್ ತನ್ನ ಎರಡನೆಯ ಆವೃತ್ತಿಯಲ್ಲಿ, 2012ರ ಸುಮಾರಿಗೆ, ಇದನ್ನು ತನ್ನೊಳಗೆ ಸೇರಿಸಿಕೊಂಡಿತು. ಆ ಸುದ್ದಿ ಓದಿದ ದಿನ ನಮ್ಮಂಥವರಿಗೆಲ್ಲ ಹಬ್ಬವಾಗಿತ್ತು. ಕೆಲವೇ ವರ್ಷಗಳಲ್ಲಿ ಓಪನ್‌ಚೇಂಜ್‌ನ ಕೆಲಸ ನಿಂತುಹೋಯಿತು, ಸೋಗೋ ಕೂಡ ಅದನ್ನು ಕೈಬಿಟ್ಟಿತು. ಔಟ್‌ಲುಕ್‌ನ ಹೊಸ ಆವೃತ್ತಿಗಳು ಬಂದಂತೆಲ್ಲ ಅನುಕರಿಸಬೇಕಾದ ವರ್ತನೆಗಳೂ ಬದಲಾಗುತ್ತ ಹೋಗುತ್ತವೆ; ಎಕ್ಸ್‌ಚೇಂಜ್ 2013ರ ಮೊದಲ ಸರ್ವಿಸ್ ಪ್ಯಾಕ್‌ನಲ್ಲಿ ಆ ಮಾತುಕತೆಯ ಸಾಗಣೆಯ ವಿಧಾನವೇ ಬದಲಾಯಿತು. ಪ್ರಕಟವಾದ ದಾಖಲೆಗಳು ಸಾವಿರಾರು ಪುಟಗಳಿವೆ. ಅಷ್ಟನ್ನು ಬೆನ್ನಟ್ಟಿ ಓಡಲು ನಾಲ್ಕಾರು ಜನರ ತಂಡಕ್ಕೆ ಉಸಿರು ಸಾಲುವುದಿಲ್ಲ.

ಈಗ ಈ ದಾರಿಯಲ್ಲಿ ಗಟ್ಟಿಯಾಗಿ ನಡೆಯುತ್ತಿರುವುದು ಆಸ್ಟ್ರಿಯಾದ ಗ್ರೊಮ್ಮುನಿಯೊ. ಅದು ಔಟ್‌ಲುಕ್ ಬಯಸುವ ಪ್ರೋಟೋಕಾಲ್‌ಗಳನ್ನು ನೇರವಾಗಿ ಅಳವಡಿಸಿಕೊಂಡಿದೆ, ಕನೆಕ್ಟರ್ ಬೇಕಿಲ್ಲ. ಇಡೀ ಕಚೇರಿ ಔಟ್‌ಲುಕ್ ಬಿಡುವುದಿಲ್ಲವೆಂದು ಹಟ ಹಿಡಿದಿದ್ದರೆ, ಪರರ ಕ್ಯಾಲೆಂಡರ್‌ಗಳನ್ನು ತೆರೆದು ತಿದ್ದುವುದು ದಿನನಿತ್ಯದ ಕೆಲಸವಾಗಿದ್ದರೆ, ನಾನು ಮೊದಲು ಪರೀಕ್ಷೆಗೆ ಹಚ್ಚುವುದು ಇದನ್ನೇ. ಹಾಗೆ ಮಾಡುವಾಗಲೂ ಆ ಕಚೇರಿಯವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ: ಸರ್ವರ್ ನಿಮ್ಮದಾಯಿತು, ಆದರೆ ನಿಮ್ಮ ದಿನ ಹೇಗೆ ಸಾಗಬೇಕೆಂದು ನಿರ್ಧರಿಸುವ ಕಿಟಕಿ ಇನ್ನೂ ಬೇರೆಯವರ ಕೈಯಲ್ಲಿದೆ.

ಈ ಎಚ್ಚರಿಕೆ ಬರೀ ತತ್ವದ ಮಾತಾಗಿ ಉಳಿದಿಲ್ಲ. ಮೈಕ್ರೋಸಾಫ್ಟ್ ವಿಂಡೋಸ್‌ಗಾಗಿ ಪೂರ್ತಿ ಹೊಸದಾಗಿ ಬರೆದ ಔಟ್‌ಲುಕ್ ಒಂದನ್ನು 2024ರ ಆಗಸ್ಟ್‌ನಲ್ಲಿ ಎಲ್ಲರಿಗೂ ಬಿಡುಗಡೆ ಮಾಡಿತು. ಹೆಸರು ಅದೇ, ಚಿಹ್ನೆಯೂ ಹೆಚ್ಚುಕಡಿಮೆ ಅದೇ, ಒಳಗಿರುವುದು ಮಾತ್ರ ವೆಬ್ ತಂತ್ರಾಂಶ. ಹಳೆಯ ಔಟ್‌ಲುಕ್‌ಗೆ ಜೋಡಿಸುತ್ತಿದ್ದ ಕಾಮ್ ಆಡ್-ಇನ್ ಎಂಬ ಹೆಚ್ಚುವರಿ ತುಣುಕುಗಳು ಇದರಲ್ಲಿ ಕೆಲಸ ಮಾಡುವುದಿಲ್ಲ. ಸಣ್ಣ ಕಚೇರಿಗಳು ಇಷ್ಟು ವರ್ಷ ನೆಚ್ಚಿಕೊಂಡಿದ್ದ ಸೇತುವೆಗಳೆಲ್ಲ, ಅಂದರೆ ಕನೆಕ್ಟರ್‌ಗಳು, ಇಂಥ ಆಡ್-ಇನ್‌ಗಳೇ. ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ಬೇರೆ ಸರ್ವರ್‌ನ ಐಮ್ಯಾಪ್ ಖಾತೆಯನ್ನು ಈ ಹೊಸ ಔಟ್‌ಲುಕ್‌ಗೆ ಸೇರಿಸಿದರೆ ಆ ಪತ್ರಗಳು ಮೈಕ್ರೋಸಾಫ್ಟ್‌ನ ಕ್ಲೌಡ್ ಮೂಲಕ ಸಿಂಕ್ ಆಗುತ್ತವೆ. ತನ್ನ ಪತ್ರಗಳು ತನ್ನ ಸರ್ವರ್‌ನಲ್ಲೇ ಇರಲೆಂದು ಕಷ್ಟಪಟ್ಟು ಓಪನ್ ಸೋರ್ಸ್‌ಗೆ ಬಂದ ಸಂಸ್ಥೆಯ ನೌಕರರೊಬ್ಬರು ಪರದೆಯ ಮೇಲಿನ ಒಂದು ಗುಂಡಿ ಒತ್ತಿ ಹೊಸ ಔಟ್‌ಲುಕ್‌ಗೆ ಹೊರಳಿದರೆ, ಆ ಉದ್ದೇಶವೇ ಬುಡಮೇಲಾಗುತ್ತದೆ. ಹಳೆಯ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲವಿದೆಯೆಂದು ಕಂಪನಿ ಹೇಳಿದೆ. ಯೋಚಿಸಿ ಹೆಜ್ಜೆಯಿಡಲು ಅದು ಸಾಕಷ್ಟು ಸಮಯ, ಮರೆತು ಕೂರಲು ಸಾಲದಷ್ಟು ಸಮಯ.

ಎರಡನೆಯ ದಾರಿ, ಅಂದರೆ ಮುಕ್ತ ಮಾನಕಗಳ ದಾರಿ, ನಿಧಾನವಾಗಿ ತೆರೆದುಕೊಂಡಿತು. ಭೇಟಿಯೊಂದನ್ನು ಹೇಗೆ ಬರೆದಿಡಬೇಕೆಂದು ಹೇಳುವ ಐಕ್ಯಾಲೆಂಡರ್ ಮಾನಕ 1998ರದ್ದು. ಅದನ್ನು ಸರ್ವರ್‌ನಲ್ಲಿಟ್ಟು ಹಲವರು ಹಂಚಿಕೊಳ್ಳುವ ಬಗೆಯನ್ನು ನಿಗದಿಪಡಿಸಿದ ಕ್ಯಾಲ್‌ಡಾವ್ 2007ರಲ್ಲಿ ಬಂತು, ವಿಳಾಸ ಪುಸ್ತಕಕ್ಕೆ ಅದೇ ಕೆಲಸ ಮಾಡುವ ಕಾರ್ಡ್‌ಡಾವ್ 2011ರಲ್ಲಿ. ಈ ನಡುವಿನ ಕೊರತೆಯನ್ನು ತುಂಬಲು ಜರ್ಮನಿಯ ಮಾಹಿತಿ ಸುರಕ್ಷತಾ ಇಲಾಖೆಗಾಗಿ ರೂಪುಗೊಂಡ ಕೊಲಾಬ್ ಒಂದು ಜಾಣ ಉಪಾಯ ಹೂಡಿತ್ತು: ಕ್ಯಾಲೆಂಡರ್ ಮತ್ತು ವಿಳಾಸಗಳನ್ನೂ ಐಮ್ಯಾಪ್ ಫೋಲ್ಡರ್‌ಗಳಲ್ಲೇ, ಪತ್ರಗಳಂತೆಯೇ, ಇಡುವುದು. ಇಂದು ಸೋಗೋ, ನೆಕ್ಸ್ಟ್‌ಕ್ಲೌಡ್, ಓಪನ್-ಎಕ್ಸ್‌ಚೇಂಜ್, ಇಗ್ರೂಪ್‌ವೇರ್, ಹೋರ್ಡ್ ಎಂಬ ಸರ್ವರ್ ತಂತ್ರಾಂಶಗಳೆಲ್ಲವೂ ಕ್ಯಾಲ್‌ಡಾವ್ ಬಲ್ಲವು. ಓಪನ್ ಸೋರ್ಸ್ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್ ಬಲ್ಲದು, ಆಪಲ್‌ನ ಕ್ಯಾಲೆಂಡರ್ ಬಲ್ಲದು, ಆಂಡ್ರಾಯ್ಡ್ ಫೋನಿನಲ್ಲಿ ಒಂದು ಚಿಕ್ಕ ಆ್ಯಪ್ ಹಾಕಿದರೆ ಅದೂ ಬಲ್ಲದು. ಬಲ್ಲದೆ ಉಳಿದಿರುವ ದೊಡ್ಡ ಹೆಸರೆಂದರೆ ವಿಂಡೋಸ್‌ನ ಹಳೆಯ ಔಟ್‌ಲುಕ್.

ಮಾನಕ ಎಂಬುದರ ಬೆಲೆಯನ್ನು ಕಚೇರಿಯವರಿಗೆ ತಿಳಿಸಲು ನಾನು ಒಂದು ಸಣ್ಣ ಕೆಲಸ ಮಾಡುತ್ತೇನೆ. ಅವರದೇ ಒಂದು ಭೇಟಿಯನ್ನು ಐಕ್ಯಾಲೆಂಡರ್ ಕಡತವಾಗಿ ಉಳಿಸಿ, ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ತೋರಿಸುತ್ತೇನೆ. ಇಪ್ಪತ್ತು ಸಾಲುಗಳ ಬರಿಯ ಅಕ್ಷರ. ಶೀರ್ಷಿಕೆ ಒಂದು ಸಾಲು, ಆರಂಭದ ಸಮಯ ಒಂದು ಸಾಲು, ಮುಗಿಯುವ ಸಮಯ ಒಂದು ಸಾಲು, ಪ್ರತಿ ಸೋಮವಾರ ಮರುಕಳಿಸಬೇಕೆಂಬ ನಿಯಮ ಒಂದು ಸಾಲು, ಬರಬೇಕಾದವರ ವಿಳಾಸಗಳು ತಲಾ ಒಂದೊಂದು ಸಾಲು. ಆಮೇಲೆ ಅದೇ ನೋಟ್‌ಪ್ಯಾಡ್‌ನಲ್ಲಿ ಅವರ ಪಿಎಸ್‌ಟಿ ಕಡತವೊಂದನ್ನು ತೆರೆಯುತ್ತೇನೆ. ಓದಲಾಗದ ಗುರುತುಗಳ ರಾಶಿ ಪರದೆ ತುಂಬುತ್ತದೆ. ಹತ್ತು ವರ್ಷಗಳ ನಂತರ ಯಾವ ಕಂಪನಿ ಇರುತ್ತದೋ ಯಾವುದು ಮುಚ್ಚಿರುತ್ತದೋ ಯಾರೂ ಬಲ್ಲವರಲ್ಲ. ಆದರೆ ಮೊದಲ ಕಡತವನ್ನು ಕಣ್ಣಿದ್ದವರು ಯಾರು ಬೇಕಾದರೂ ಓದಬಲ್ಲರು. ಇದನ್ನು ನೋಡಿದ ಮೇಲೆ ಲೆಕ್ಕದವರಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರಿಗೂ ನಾವು ಯಾಕೆ ಈ ಕಷ್ಟಕ್ಕೆ ಇಳಿದಿದ್ದೇವೆಂದು ತಿಳಿಯುತ್ತದೆ. ಉಪನ್ಯಾಸ ಕೊಡಬೇಕಾಗುವುದಿಲ್ಲ.

22 ಜನರ ಆ ಕಚೇರಿಗೆ ಕೊನೆಗೆ ನಾವು ಆರಿಸಿದ್ದು ಸೋಗೋ. ಅದರ ವೆಬ್ ಪುಟದಲ್ಲೇ ಪತ್ರ, ಕ್ಯಾಲೆಂಡರ್, ವಿಳಾಸ ಎಲ್ಲವೂ ಚೆನ್ನಾಗಿ ಸಿಗುತ್ತವೆ, ಇನ್ನೊಬ್ಬರ ಕ್ಯಾಲೆಂಡರ್ ಹಂಚಿಕೊಳ್ಳುವ ಅನುಮತಿಗಳು ವಿವರವಾಗಿವೆ, ಮತ್ತು ಅದರಡಿಯಲ್ಲಿರುವುದು ನನಗೆ ಪರಿಚಯವಿರುವ ಪೋಸ್ಟ್‌ಫಿಕ್ಸ್, ಡವ್‌ಕಾಟ್‌ಗಳೇ ಆದ್ದರಿಂದ ನಾಳೆ ಸೋಗೋ ಬೇಡವಾದರೂ ಪತ್ರಗಳನ್ನು ಕದಲಿಸದೆ ಬೇರೆಯದನ್ನು ಮೇಲೆ ಕೂರಿಸಬಹುದು. ಈ ಕೊನೆಯ ಕಾರಣವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಜಿಂಬ್ರಾ ಎಂಬ ಇನ್ನೊಂದು ಗ್ರೂಪ್‌ವೇರನ್ನೂ ನೋಡಿದ್ದೆವು. ಬಹಳ ಕಾಲ ಸಣ್ಣ ಸಂಸ್ಥೆಗಳ ಅಚ್ಚುಮೆಚ್ಚಿನ ಆಯ್ಕೆ ಅದಾಗಿತ್ತು. ಆದರೆ 2007ರಲ್ಲಿ ಯಾಹೂ, 2010ರಲ್ಲಿ ವಿಎಂವೇರ್, 2013ರಲ್ಲಿ ಟೆಲಿಜೆಂಟ್, 2015ರಲ್ಲಿ ಸಿನಾಕೋರ್ ಹೀಗೆ ಅದರ ಒಡೆತನ ಕೈಯಿಂದ ಕೈಗೆ ಹೋಯಿತು. 2020ರಲ್ಲಿ ಬಂದ ಒಂಬತ್ತನೆಯ ಆವೃತ್ತಿಯಿಂದ ಓಪನ್ ಸೋರ್ಸ್ ಬಳಕೆದಾರರಿಗೆ ಸಿದ್ಧ ಪ್ಯಾಕೇಜ್ ಕೊಡುವುದನ್ನು ನಿಲ್ಲಿಸಿ ಮೂಲ ಸಂಕೇತವನ್ನಷ್ಟೇ ಕೊಡತೊಡಗಿದರು. ಕಾನೂನಿನ ದೃಷ್ಟಿಯಲ್ಲಿ ಅದು ಆಗಲೂ ಓಪನ್ ಸೋರ್ಸ್ ಆಗಿಯೇ ಇತ್ತು. ಆ ಸಂಕೇತವನ್ನು ಸ್ವತಃ ಕಂಪೈಲ್ ಮಾಡಿ ತಂತ್ರಾಂಶವಾಗಿಸಿಕೊಳ್ಳಲು ಜನವಿಲ್ಲದ ಸಣ್ಣ ಸಂಸ್ಥೆಯ ಪಾಲಿಗೆ ಬಾಗಿಲು ಮುಚ್ಚಿದಂತೆಯೇ ಆಯಿತು. ಅದರ ಔಟ್‌ಲುಕ್ ಕನೆಕ್ಟರ್ ಅಂತೂ ಮೊದಲಿನಿಂದಲೂ ಹಣ ಕೊಡುವ ಆವೃತ್ತಿಯಲ್ಲೇ ಇತ್ತು. ಹಾಗಾಗಿ ಯಾವುದೇ ಗ್ರೂಪ್‌ವೇರ್‌ನ ಪರವಾನಗಿ ನೋಡುವಾಗ, ನಮಗೆ ನಿಜವಾಗಿ ಬೇಕಿರುವ ಭಾಗ ತೆರೆದ ಅಂಗಳದಲ್ಲಿದೆಯೋ ಬೀಗ ಹಾಕಿದ ಕೋಣೆಯಲ್ಲಿದೆಯೋ ಎಂದು ನೋಡಬೇಕು. ಔಟ್‌ಲುಕ್ ನೆಚ್ಚಿಕೊಂಡವರಿಗೆ ಬೇಕಿರುವ ಭಾಗ ಹೆಚ್ಚಿನ ಸಂದರ್ಭಗಳಲ್ಲಿ ಬೀಗದೊಳಗೇ ಇರುತ್ತದೆ.

ಸೋಗೋ ಮತ್ತು ಹಳೆಯ ಔಟ್‌ಲುಕ್‌ನ ನಡುವೆ ನಾವು ಹಾಕಿದ ಸೇತುವೆ ಔಟ್‌ಲುಕ್ ಕ್ಯಾಲ್‌ಡಾವ್ ಸಿಂಕ್ರೊನೈಸರ್ ಎಂಬ ಆಡ್-ಇನ್. ಅದೂ ಓಪನ್ ಸೋರ್ಸ್. ಔಟ್‌ಲುಕ್‌ನೊಳಗೆ ಕುಳಿತು, ಇಂತಿಷ್ಟು ನಿಮಿಷಕ್ಕೊಮ್ಮೆ ಎರಡೂ ಕಡೆಯ ಭೇಟಿಗಳನ್ನು, ವಿಳಾಸಗಳನ್ನು, ಕೆಲಸಗಳನ್ನು ಹೋಲಿಸಿ ಸರಿದೂಗಿಸುತ್ತದೆ. ‘ಈ ಕಂಪ್ಯೂಟರ್‌ನಲ್ಲಿ ಮಾತ್ರ’ ಇದ್ದ ಕ್ಯಾಲೆಂಡರ್ ಹೀಗೆ ಸರ್ವರ್‌ಗೂ ಬಂತು. ಮೊದಲ ವಾರ ಒಂದು ವಿಚಿತ್ರ ಕಾಣಿಸಿಕೊಂಡಿತು: ಸಭೆಗೆ ಕರೆದವರಿಗೆಲ್ಲ ಒಂದೇ ಆಹ್ವಾನ ಎರಡು ಸಲ ಹೋಗುತ್ತಿತ್ತು. ಔಟ್‌ಲುಕ್ ತನ್ನ ರೂಢಿಯಂತೆ ಆಹ್ವಾನವನ್ನು ಪತ್ರವಾಗಿ ಕಳಿಸುತ್ತಿತ್ತು. ಅದೇ ಭೇಟಿ ಸರ್ವರ್ ತಲುಪಿದಾಗ ಸರ್ವರ್ ಕೂಡ ತನ್ನ ಕರ್ತವ್ಯವೆಂದು ಇನ್ನೊಂದು ಕಳಿಸುತ್ತಿತ್ತು. ಗ್ರಾಹಕರೊಬ್ಬರು ಎರಡನೆಯದನ್ನು ಅಳಿಸಿದಾಗ ಅದು ನಿರಾಕರಣೆಯಾಗಿ ವಾಪಸ್ಸಾಗಿ, ಒಂದು ಮುಖ್ಯವಾದ ಭೇಟಿಯೇ ರದ್ದಾಯಿತೆಂದು ಕಚೇರಿಯಲ್ಲಿ ಗಾಬರಿಯಾಗಿತ್ತು. ಆಹ್ವಾನ ಕಳಿಸುವ ಹೊಣೆ ಕ್ಲೈಂಟ್‌ನದ್ದೇ, ಅಂದರೆ ಔಟ್‌ಲುಕ್‌ನದ್ದೇ, ಎಂದು ಭೇಟಿಯೊಳಗೆ ಗುರುತು ಹಾಕುವ ಆಯ್ಕೆಯೊಂದು ಆ ಆಡ್-ಇನ್‌ನಲ್ಲಿದೆ. ಅದನ್ನು ಒತ್ತಿದ ಮೇಲೆ ಸರಿಹೋಯಿತು. ಇಬ್ಬರು ಯಜಮಾನರಿರುವ ಕ್ಯಾಲೆಂಡರ್‌ನಲ್ಲಿ ಇಂಥ ಸಂಗತಿಗಳು ಬರುತ್ತಲೇ ಇರುತ್ತವೆ; ಸೇತುವೆ ಎಷ್ಟು ಚೆನ್ನಾಗಿದ್ದರೂ ಅದು ಸೇತುವೆಯೇ.

ಫೋನ್‌ಗಳಿಗೆ ಪತ್ರ, ಕ್ಯಾಲೆಂಡರ್, ವಿಳಾಸಗಳನ್ನು ಸಿಂಕ್ ಮಾಡುವ ಆಕ್ಟಿವ್‌ಸಿಂಕ್ ಇದೆ. ಸೋಗೋದಲ್ಲಿಯೇ ಅದರ ಅಳವಡಿಕೆ ಇದೆ, ಪಿಎಚ್‌ಪಿಯಲ್ಲಿ ಬರೆದ ಜೀ-ಪುಷ್ ಎಂಬುದೂ ಇದೆ. ಆದರೆ ಅದು ಮೈಕ್ರೋಸಾಫ್ಟ್‌ನ ಪ್ರೋಟೋಕಾಲ್. ಅದನ್ನು ನಿಜವಾದ ಬಳಕೆಗೆ ತರುವುದಾದರೆ ಮೈಕ್ರೋಸಾಫ್ಟ್‌ನಿಂದ ಪರವಾನಗಿ ಪಡೆಯಬೇಕೆಂದು ಸೋಗೋದ ಕೈಪಿಡಿಯೇ ಹೇಳುತ್ತದೆ. ಔಟ್‌ಲುಕ್ 2013ರಿಂದ ಮುಂದಕ್ಕೆ ಡೆಸ್ಕ್‌ಟಾಪ್‌ನಲ್ಲಿಯೂ ಆಕ್ಟಿವ್‌ಸಿಂಕ್ ಖಾತೆ ಸೇರಿಸಬಹುದೆಂದು ಕೆಲವರು ಆ ದಾರಿ ಹಿಡಿಯುತ್ತಾರೆ. ಹಾಗೆ ಸೇರಿಸಿದರೆ ಪರರ ಫೋಲ್ಡರ್ ತೆರೆಯುವುದಾಗಲಿ ಪರವಾಗಿ ಕೆಲಸ ಮಾಡುವುದಾಗಲಿ ಸಾಧ್ಯವಿಲ್ಲ. ನನ್ನ ಪಟ್ಟಿಯಲ್ಲಿದ್ದ 31 ಕೆಲಸಗಳಲ್ಲಿ ಒಂಬತ್ತು ಅಲ್ಲಿಗೇ ನಿಂತುಹೋಗುತ್ತಿದ್ದವು. ಕುರ್ಚಿ ಕೇಳಿ ಕುಳಿತದ್ದು ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬರುತ್ತದೆ. ಫೋನ್‌ಗಳಿಗೆ ನಾವು ಐಮ್ಯಾಪ್, ಕ್ಯಾಲ್‌ಡಾವ್, ಕಾರ್ಡ್‌ಡಾವ್‌ಗಳನ್ನೇ ಹೊಂದಿಸಿದೆವು.

ಸಾಗಣೆಯ ದಿನಗಳ ಬಗ್ಗೆ ಎರಡು ವಿಷಯ ಹೇಳಲೇಬೇಕು, ಏಕೆಂದರೆ ತಂತ್ರಾಂಶದ ಗುಣದೋಷಗಳ ಪಟ್ಟಿಗಳಲ್ಲಿ ಇವು ಕಾಣಸಿಗುವುದಿಲ್ಲ. ಮೊದಲನೆಯದು ಪಿಎಸ್‌ಟಿ. ಸರ್ವರ್‌ನಲ್ಲಿ ಜಾಗ ಸಾಲದ ಕಾಲದಲ್ಲಿ ಹಳೆಯ ಪತ್ರಗಳನ್ನು ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರ್‌ನಲ್ಲಿಯೇ ಪಿಎಸ್‌ಟಿ ಕಡತಗಳಾಗಿ ಪೇರಿಸಿಟ್ಟಿರುತ್ತಾರೆ. ಔಟ್‌ಲುಕ್ 2003ಕ್ಕಿಂತ ಹಿಂದಿನ ಪಿಎಸ್‌ಟಿ ಎರಡು ಗಿಗಾಬೈಟ್ ದಾಟುವಂತಿರಲಿಲ್ಲವಾದ್ದರಿಂದ ಹಳಬರ ಬಳಿ ಇಂಥವು ಐದಾರು ಇರುವುದೂ ಉಂಟು. ಇವುಗಳನ್ನೆಲ್ಲ ಮೇಜಿನಿಂದ ಮೇಜಿಗೆ ಹೋಗಿ ಕೇಳಿ, ಹುಡುಕಿ, ರೀಡ್‌ಪಿಎಸ್‌ಟಿ ಎಂಬ ಮುಕ್ತ ಉಪಕರಣದಿಂದ ಬಿಡಿಸಿ, ಸರ್ವರ್‌ಗೆ ಏರಿಸಲು ನಮಗೆ ಹಿಡಿದದ್ದು ಮೂರು ವಾರ. ಸರ್ವರ್ ಕಟ್ಟಲು ಹಿಡಿದದ್ದು ನಾಲ್ಕು ದಿನ.

ಎರಡನೆಯದು ಇನ್ನೂ ಸೂಕ್ಷ್ಮ. ಬದಲಾವಣೆಯಾದ ಮರುದಿನವೇ, ಪಕ್ಕದ ಮೇಜಿನವರಿಗೆ ಕಳಿಸಿದ ಪತ್ರಗಳು ತಿರುಗಿ ಬರತೊಡಗಿದವು. ವಿಳಾಸ ಸರಿಯಾಗಿಯೇ ಕಾಣುತ್ತಿತ್ತು, ಹೆಸರೂ ಸರಿಯಾಗಿತ್ತು. ವಾಪಸ್ಸು ಬಂದ ಪತ್ರದ ಒಳಗೆ ನೋಡಿದರೆ ವಿಳಾಸದ ಜಾಗದಲ್ಲಿ ಎರಡು ಸಾಲು ಉದ್ದದ ಅರ್ಥವಾಗದ ಅಕ್ಷರಮಾಲೆಯಿತ್ತು. ಎಕ್ಸ್‌ಚೇಂಜ್ ತನ್ನೊಳಗಿನ ಜನರನ್ನು ಗುರುತಿಸುವುದು ಮಾಮೂಲು ಇಮೇಲ್ ವಿಳಾಸದಿಂದಲ್ಲ, ಎಕ್ಸ್‌500 ಎಂಬ ಬಗೆಯ ಒಳವಿಳಾಸದಿಂದ. ಹೆಸರಿನ ಎರಡಕ್ಷರ ಒತ್ತಿದರೆ ಉಳಿದದ್ದನ್ನು ತಾನೇ ತುಂಬುವ ಔಟ್‌ಲುಕ್‌ನ ನೆನಪಿನಲ್ಲಿಯೂ, ವರ್ಷಗಳ ಹಿಂದಿನ ಪತ್ರಗಳಲ್ಲಿಯೂ ಉಳಿದಿದ್ದುದು ಆ ಒಳವಿಳಾಸವೇ. ಸರ್ವರ್ ಹೋದ ಮೇಲೆ ಆ ವಿಳಾಸಕ್ಕೆ ಅರ್ಥವೇ ಇಲ್ಲ. ಎಲ್ಲರ ಆ ನೆನಪಿನ ಪಟ್ಟಿಯನ್ನು ಖಾಲಿ ಮಾಡಿಸಿ, ಹಳೆಯ ಒಳವಿಳಾಸಗಳನ್ನು ಹೊಸ ವಿಳಾಸಗಳಿಗೆ ತಿರುಗಿಸುವ ಒಂದು ಕೋಷ್ಟಕವನ್ನು ಪೋಸ್ಟ್‌ಫಿಕ್ಸ್‌ನಲ್ಲಿ ಬರೆದ ಮೇಲೆ ಸಮಾಧಾನವಾಯಿತು. ಮೊದಲೇ ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ. ಗೊತ್ತಿರದೆ ಎರಡು ದಿನ ಇಡೀ ಕಚೇರಿಯ ವಿಶ್ವಾಸಕ್ಕೆ ಪೆಟ್ಟುಬಿತ್ತು, ಮತ್ತು ಆ ವಿಶ್ವಾಸ ಹಿಂದಕ್ಕೆ ಬರಲು ಎರಡು ತಿಂಗಳು ಬೇಕಾಯಿತು.

ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಚೇರಿಗೆ ನಾನು ಸ್ವಂತ ಸರ್ವರ್ ಕಟ್ಟಿಕೊಡುವುದಿಲ್ಲ. ಕಳಿಸಿದ ಪತ್ರ ಎದುರಿನವರ ಸ್ಪ್ಯಾಮ್ ಫೋಲ್ಡರ್‌ಗೆ ಬೀಳದಿರಬೇಕಾದರೆ ಪತ್ರ ನಿಜವಾಗಿ ನಮ್ಮಿಂದಲೇ ಬಂದದ್ದೆಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳು ಸರಿಯಿರಬೇಕು. ಸುರಕ್ಷತಾ ತಿದ್ದುಪಡಿಗಳನ್ನು ಬಂದ ವಾರವೇ ಹಾಕಬೇಕು. ಬ್ಯಾಕಪ್ ತೆಗೆದರೆ ಸಾಲದು, ಅದರಿಂದ ಒಂದು ಪತ್ರವನ್ನಾದರೂ ಆಗಾಗ ಮರಳಿ ಪಡೆದು ನೋಡಬೇಕು. ಇಷ್ಟನ್ನು ಮಾಡಲು ಒಳಗೆ ಒಬ್ಬರೂ ಇಲ್ಲವಾದರೆ, ಇದೇ ಓಪನ್ ಸೋರ್ಸ್ ಗ್ರೂಪ್‌ವೇರ್ ಅನ್ನು ನಡೆಸಿಕೊಡುವ ಸೇವಾದಾರರಿಂದ ಬಾಡಿಗೆಗೆ ಪಡೆಯುವುದು ಮರ್ಯಾದೆಯ ದಾರಿ. ಹಾಗೆ ಪಡೆದವರು ಸೇವಾದಾರರನ್ನು ಬದಲಾಯಿಸಬಲ್ಲರು, ಬೇಕಾದಾಗ ಸ್ವಂತ ಸರ್ವರ್‌ಗೂ ಬರಬಲ್ಲರು, ಏಕೆಂದರೆ ಒಳಗಿರುವುದು ಐಮ್ಯಾಪ್ ಮತ್ತು ಕ್ಯಾಲ್‌ಡಾವ್. ದೊಡ್ಡ ಪ್ರಮಾಣದಲ್ಲಿ ಇದು ಆಗುವ ಮಾತೇ ಎಂದು ಕೇಳುವವರಿಗೆ ನಾನು ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವನ್ನು ತೋರಿಸುತ್ತೇನೆ. ಅಲ್ಲಿನ ಆಡಳಿತ 2025ರ ಅಕ್ಟೋಬರ್ ಹೊತ್ತಿಗೆ 40,000ಕ್ಕೂ ಹೆಚ್ಚು ಅಂಚೆಪೆಟ್ಟಿಗೆಗಳನ್ನು ಎಕ್ಸ್‌ಚೇಂಜ್ ಮತ್ತು ಔಟ್‌ಲುಕ್‌ನಿಂದ ಓಪನ್-ಎಕ್ಸ್‌ಚೇಂಜ್ ಮತ್ತು ಥಂಡರ್‌ಬರ್ಡ್‌ಗೆ ಸಾಗಿಸಿ ಮುಗಿಸಿತು. ಅವರು ಸರ್ವರ್ ಮಾತ್ರ ಬದಲಾಯಿಸದೆ ಮೇಜಿನ ಮೇಲಿನ ಕಿಟಕಿಯನ್ನೂ ಬದಲಾಯಿಸಿದರೆಂಬುದನ್ನು ಗಮನಿಸಬೇಕು.

ನಮ್ಮ ಕಚೇರಿಯಲ್ಲಿ ಕಿಟಕಿ ಒಂದೇ ದಿನ ಬದಲಾಗಲಿಲ್ಲ, ಹಾಗೆ ಬದಲಾಯಿಸಬೇಕೆಂದು ನಾನು ಒತ್ತಾಯಿಸಲೂ ಇಲ್ಲ. ಕ್ಯಾಲೆಂಡರ್‌ಗಳು ಸರ್ವರ್‌ಗೆ ಬಂದ ಮೇಲೆ ಯಾರು ಯಾವ ಕಿಟಕಿಯಿಂದ ನೋಡಿದರೂ ಕಾಣುವುದು ಒಂದೇ ಆದ್ದರಿಂದ ಅವಸರವಿರಲಿಲ್ಲ. ಹೊಸದಾಗಿ ಸೇರಿದವರಿಗೆ ಥಂಡರ್‌ಬರ್ಡ್ ಕೊಟ್ಟೆವು. ಹೊರಗೆ ಓಡಾಡುವವರು ವೆಬ್ ಪುಟಕ್ಕೇ ಒಗ್ಗಿಕೊಂಡರು. ನಾನು ಪಕ್ಕದಲ್ಲಿ ಕುಳಿತು ಪಟ್ಟಿ ಮಾಡಿದ್ದೆನಲ್ಲ, ಆಕೆ ಎಂಟು ತಿಂಗಳು ಔಟ್‌ಲುಕ್‌ನಲ್ಲೇ ಇದ್ದರು. ಒಂದು ದಿನ ತಾವೇ ಸೋಗೋದ ಪುಟ ತೆರೆದು, ನಾಲ್ವರ ಹೆಸರಿಗೆ ಗುರುತು ಹಾಕಿ, ನಾಲ್ಕು ಬಣ್ಣಗಳು ಕೂತ ಮೇಲೆ ನನ್ನನ್ನು ಕರೆದು ತೋರಿಸಿದರು. ಕೋಣೆ ಖಾಲಿಯಿದೆಯೇ ಎಂದು ನೋಡಲು ಇಲ್ಲಿ ಒಂದು ಕ್ಲಿಕ್ ಹೆಚ್ಚು ಬೇಕೆಂಬ ದೂರು ಅವರದ್ದು ಇನ್ನೂ ಇದೆ. ಅದು ನ್ಯಾಯವಾದ ದೂರು.

ಈಗ ಔಟ್‌ಲುಕ್ ಉಳಿದಿರುವುದು ಎರಡು ಮೇಜುಗಳ ಮೇಲೆ, ಎರಡೂ ಲೆಕ್ಕಪತ್ರದವರದ್ದು. ಅವರ ಬಿಲ್ಲಿಂಗ್ ತಂತ್ರಾಂಶ ಬಿಲ್ಲನ್ನು ಕಳಿಸಲು ಔಟ್‌ಲುಕ್ ಅನ್ನೇ ಹೊರಗಿನಿಂದ ಚಾಲನೆ ಮಾಡುತ್ತದೆ. ಔಟ್‌ಲುಕ್ ಇಲ್ಲದ ಕಂಪ್ಯೂಟರ್‌ನಲ್ಲಿ ಆ ಗುಂಡಿ ಮಸುಕಾಗಿಯೇ ಇರುತ್ತದೆ. ಹಳೆಯ ಔಟ್‌ಲುಕ್ ಹೊಸದಕ್ಕೆ ಜಾಗ ಬಿಟ್ಟುಕೊಟ್ಟ ದಿನ ಅಲ್ಲಿಯೂ ಆ ಗುಂಡಿ ಮಸುಕಾಗುತ್ತದೆ. ನೇರವಾಗಿ ಎಸ್‌ಎಂಟಿಪಿ ಎಂಬ ಮುಕ್ತ ಮಾನಕದ ಮೂಲಕ ಪತ್ರ ಕಳಿಸುವ ಸೌಲಭ್ಯ ಸೇರಿಸಬೇಕೆಂದು ಅದನ್ನು ತಯಾರಿಸಿದವರಿಗೆ ನಾವು ಮೂರು ಸಲ ಬರೆದಿದ್ದೇವೆ. ಮುಂದಿನ ಆವೃತ್ತಿಯಲ್ಲಿ ಬರಲಿದೆಯೆಂದು ಉತ್ತರ ಬಂದಿದೆ. ಅಲ್ಲಿಯವರೆಗೆ ಆ ಎರಡು ಕಂಪ್ಯೂಟರ್‌ಗಳಲ್ಲಿ ಹೊಸ ಔಟ್‌ಲುಕ್‌ಗೆ ಹೊರಳುವ ಗುಂಡಿಯನ್ನು ಮರೆಮಾಡಿ, ಕ್ಯಾಲೆಂಡರ್ ಸಿಂಕ್ ಆಗುತ್ತಿದೆಯೇ ಎಂದು ಪ್ರತಿ ಸೋಮವಾರ ಬೆಳಿಗ್ಗೆ ಒಮ್ಮೆ ನೋಡಿ ಬರುತ್ತೇನೆ.